ಕುರ್ಚಿ ಪಾಯಖಾನೆಯ ಈಶಪ್ಪ

ಕೊಪ್ಪಳದಲ್ಲಿ ಈಶಪ್ಪನ ಹೆಸರೆತ್ತಿದರೆ ಜನ ಯಾವ ಈಶಪ್ಪ ಎಂದು ಕೇಳುತ್ತಿದ್ದರು. ಹತ್ತಿ ಅಡತಿಯ ಈಶಪ್ಪ ಎಂದರೂ ಗುರುತು ಹತ್ತುತ್ತಿರಲಿಲ್ಲ. ಕುರ್ಚಿ ಪಾಯಖಾನೆಯ ಈಶಪ್ಪ ಎಂದ ಕೂಡಲೇ ಬಾಯಲ್ಲಿ ಎಲೆಯಡಿಕೆ ಇದ್ದವರೂ ನಕ್ಕು, ಸ್ಟೇಷನ್ ರಸ್ತೆಯ ಕಡೆ ಕೈ ತೋರಿಸುತ್ತಿದ್ದರು. ಮನುಷ್ಯ ವಯಸ್ಸಿಗೆ ಬಂದಾಗಿನಿಂದ ತಕ್ಕಡಿ ಹಿಡಿದವನು, ಗುಂಜಿಯಷ್ಟೂ ಹೆಚ್ಚುಕಡಿಮೆ ಮಾಡಿದವನಲ್ಲ. ಊರು ನೆನಪಿಟ್ಟದ್ದು ಅದನ್ನಲ್ಲ. ಊರಿನ ಬಾಯಿಗೆ ಬಾಗಿಲು ಹಾಕುವವರು ಯಾರು? ಆ ಅಡ್ಡಹೆಸರು ಕಿವಿಗೆ ಬಿದ್ದಾಗಲೆಲ್ಲ ಈಶಪ್ಪ ತಲೆ ತಗ್ಗಿಸುತ್ತಿದ್ದ. ನಾಚಿಕೆಪಡುತ್ತಾನೆಂದು ಜನ ತಿಳಿದರು. ಅವನು ನೆನೆಸಿಕೊಳ್ಳುತ್ತಿದ್ದದ್ದು ತನ್ನ ತಾಯಿಯನ್ನು.

ತಾಯಿ ವಿರೂಪಾಕ್ಷಮ್ಮ. ಗಂಡ ಸತ್ತ ಮೇಲೆ ಈಶಪ್ಪನನ್ನೂ ಅವನ ತಂಗಿ ಶೇಖರಮ್ಮನನ್ನೂ ಸಾಕಿ ದೊಡ್ಡವರನ್ನು ಮಾಡಿದ ಹೆಂಗಸು. ಅಚ್ಚುಕಟ್ಟೆಂದರೆ ಅವಳದು. ಅವಳು ತಿಕ್ಕಿಟ್ಟ ತಂಬಿಗೆಯಲ್ಲಿ ಮುಖ ನೋಡಿಕೊಂಡು ವಿಭೂತಿ ಹಚ್ಚಿಕೊಳ್ಳಬಹುದೆಂದು ಓಣಿಯ ಹೆಂಗಸರು ಹಾಸ್ಯ ಮಾಡುತ್ತಿದ್ದರು. ಬೆಳಗಿನ ಜಾವ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮೈತೊಳೆದುಕೊಂಡು ಲಿಂಗಪೂಜೆಗೆ ಕೂಡುತ್ತಿದ್ದಳು. ಅವಳಿಗೆ ಒಳ್ಳೆಯ ಕಂಠವಿತ್ತು. ಗಂಡ ಇಲ್ಲದವಳೆಂದು ಯಾರೂ ಎಣಿಸುತ್ತಿರಲಿಲ್ಲ, ಊರಿನ ಯಾವ ಮದುವೆಯಲ್ಲಾದರೂ ಸೋಬಾನದ ಮೊದಲ ಸೊಲ್ಲು ಅವಳದೇ. ಜಮಖಾನೆಯ ನಟ್ಟನಡುವೆ ಅವಳನ್ನು ಕೂಡಿಸಿ ಉಳಿದವರು ಸುತ್ತ ಕೂಡುತ್ತಿದ್ದರು.

ಆಕೆಯ ಕಣ್ಣು ಮಂದವಾದಾಗ ಈಶಪ್ಪನಿಗೆ ಚಿಂತೆ ಹತ್ತಿತು. ಆಗ ಎಲ್ಲರೂ ಬಯಲಿಗೇ ಹೋಗುತ್ತಿದ್ದರು, ಹೆಂಗಸರು ನಸುಕಿನಲ್ಲಿ ಹಳ್ಳದ ಆಚೆಗೆ. ಒಂದು ದಿನ ವಿರೂಪಾಕ್ಷಮ್ಮ ಜಾಲಿಯ ಕಂಟಿಯಲ್ಲಿ ಬಿದ್ದು ಮೈಯೆಲ್ಲ ಮುಳ್ಳು ಮಾಡಿಕೊಂಡು ಬಂದಳು. ಗದಗಿನಲ್ಲಿ ಹತ್ತಿ ಕಂಪನಿಯವರ ಬಂಗಲೆಯಲ್ಲಿ ಈಶಪ್ಪ ಸರಪಳಿ ಜಗ್ಗಿದರೆ ನೀರು ಧುಮುಕುವ ಪಾಯಖಾನೆ ನೋಡಿದ್ದ. ಅಂಥದನ್ನೇ ಮನೆಯ ಬಚ್ಚಲಲ್ಲಿ ಮಾಡಿಸಿಬಿಟ್ಟ. ಕೆಳಗೆ ಕುಕ್ಕರುಗಾಲಲ್ಲಿ ಕೂಡುವ ಬಿಳಿ ಪಿಂಗಾಣಿ, ತಲೆಯ ಮೇಲೆ ಗೋಡೆಗೆ ಕಬ್ಬಿಣದ ಟಾಂಕಿ, ಮಾಳಿಗೆಯ ಮೇಲೆ ನೀರಿನ ಪೀಪಾಯಿ. ಆಳುಮಗ ಹುಲಿಗೆಪ್ಪ ಸಂಜೆ ಬಾವಿಯಿಂದ ನೀರು ಹೊತ್ತು ಪೀಪಾಯಿ ತುಂಬಬೇಕು. ಮಾಗಿಯ ರಾತ್ರಿಯೆಲ್ಲ ಬಯಲಲ್ಲಿ ನಿಂತ ನೀರು ಬೆಳಗಾಗುವುದರೊಳಗೆ ಕೈ ಕೊರೆಯುವಷ್ಟು ತಣ್ಣಗಾಗುತ್ತಿತ್ತು.

ಬಚ್ಚಲಿಗೆ ಮೊದಲಿನಿಂದ ಓಣಿಯ ಕಡೆ ಒಂದು ಕಿಟಕಿ ಇತ್ತು. ಪಾಯಖಾನೆ ಬಂದ ವಾರದಲ್ಲೇ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಇಣುಕತೊಡಗಿದರು. ಮರ್ಯಾದಸ್ಥರ ಮನೆ, ಒಳಗೆ ಹೆಣ್ಣುಮಕ್ಕಳು ಇರುವವರು. ಈಶಪ್ಪ ಕಿಟಕಿಗೆ ಇಟ್ಟಿಗೆ ಇಟ್ಟು ಗಿಲಾವು ಮಾಡಿಸಿದ. ಸ್ನಾನದ ತಾಮ್ರದ ಹಂಡೆಯೂ ಅದೇ ಬಚ್ಚಲಲ್ಲಿತ್ತು. ಅದರ ಒಲೆಯ ಬಾಯಿ ಹಿತ್ತಲ ಕಡೆಗೆ, ಹೊಗೆ ಹೊರಗೇ ಹೋಗುತ್ತಿತ್ತು, ಹಬೆ ಮಾತ್ರ ಒಳಗೆ ನಿಲ್ಲುತ್ತಿತ್ತು. ಮೈತೊಳೆಯುವ ಜಾಗ ತಗ್ಗಿನಲ್ಲಿ, ಪಾಯಖಾನೆ ಒಂದು ಮೆಟ್ಟಿಲು ಮೇಲೆ. ಆದ್ದರಿಂದ ಸ್ನಾನದ ನೀರು ಅಲ್ಲಿಗೆ ಹರಿಯುವಂತಿರಲಿಲ್ಲ.

ಆ ಚಳಿಗಾಲದಲ್ಲೇ ಟಾಂಕಿಯ ಕೆಳಗೆ ನೆಲ ಒದ್ದೆಯಾಗತೊಡಗಿತು. ಮುಂಜಾನೆ ಈಶಪ್ಪ ಒಳಗೆ ಹೋದರೆ ಅಂಗೈಯಗಲ ನೀರು.

"ಟಾಂಕಿ ಬೆವರತೈತಿ ನೋಡಪ," ಎಂದಳು ವಿರೂಪಾಕ್ಷಮ್ಮ. "ನನ್ನ ಬೆನ್ನ ಮ್ಯಾಲೂ ಹನಿ ಬಿತ್ತು."

ಈಶಪ್ಪ ನಕ್ಕ. "ಅವ್ವಾ, ಬೆವರೂದು ಮಣ್ಣಿನ ಹರವಿ. ಮಣ್ಣಿಗೆ ಸಣ್ಣ ಸಣ್ಣ ತೂತ ಇರತಾವು. ಕಬ್ಬಿಣ ಎಲ್ಲೆರ ಬೆವರತೈತೇನು?"

ಇದು ನಮ್ಮ ಬಿರುಬಿಸಿಲಿನ ಸೀಮೆಯ ಬುದ್ಧಿ. ಇಲ್ಲಿ ಹರವಿ ಬೆವರುವುದನ್ನು ಎಲ್ಲರೂ ಕಂಡವರೇ, ಬೆವರದ ಹರವಿಯನ್ನು ಕುಂಬಾರನಿಗೆ ವಾಪಸು ಒಯ್ದು ಕೊಡುವವರೇ. ಒಳಗಿನ ನೀರು ಹೊರಗೆ ಬಂದರೆ ಬೆವರು. ಲೋಹದಿಂದ ನೀರು ಹೊರಗೆ ಬಂದರೆ ಅದು ಸೋರಿಕೆ. ಮೂರನೆಯದು ಯಾರಿಗೂ ಗೊತ್ತಿರಲಿಲ್ಲ, ಈಶಪ್ಪನಿಗಂತೂ ಗೊತ್ತೇ ಇರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ, ಎಲ್ಲ ಗೊತ್ತಿದೆ ಎಂದು ನಡೆದುಕೊಂಡನಲ್ಲ, ಅದು ತಪ್ಪು.

ಸೋರುತ್ತದೆಂದು ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ಕೀಲು ಬಿಚ್ಚಿ ಚರ್ಮದ ಬಿಲ್ಲೆ ಬದಲಿಸಿ, ಸೋರಿಕೆ ಎಲ್ಲಿಯೂ ಇಲ್ಲವೆಂದು ಹೇಳಿ ಹೋದ. ಬೇಸಗೆ ಬಂತು, ನೆಲ ಒಣಗಿತು, ವಿಷಯ ಮರೆತುಹೋಯಿತು. ಮತ್ತೆ ಚಳಿ ಬಿದ್ದೊಡನೆ ನೀರು ಕಾಣಿಸಿತು. ಆಗ ಈಶಪ್ಪ ವ್ಯಾಪಾರಿಯಂತೆ ಯೋಚಿಸಿದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರಲ್ಲ. ಒಂದು ಸಂಜೆ ಟಾಂಕಿ ತುಂಬಿಸಿ, ನೀರು ಬರುವ ತಿರುಪು ಬಂದು ಮಾಡಿ, ಏಣಿ ಹತ್ತಿ ಒಳಗಡೆ ನೀರಿನ ಮಟ್ಟಕ್ಕೆ ಸುಣ್ಣದಿಂದ ಗೆರೆ ಎಳೆದ. ಮುಂಜಾನೆ ಯಾರೂ ಸರಪಳಿ ಜಗ್ಗಬಾರದು, ತಂಬಿಗೆಯಲ್ಲಿ ನೀರು ಹಾಕಿರಿ ಎಂದು ಹೇಳಿದ. ಬೆಳಗಾಯಿತು. ಎಂದಿನಂತೆ ವಿರೂಪಾಕ್ಷಮ್ಮ ಮೊದಲು ಮೈತೊಳೆದುಕೊಂಡು ಹೊರಗೆ ಬಂದಳು. ಈಶಪ್ಪ ದೀಪ ಹಿಡಿದು ಏಣಿ ಹತ್ತಿ ಒಳಗಿನ ಗೆರೆಯನ್ನಷ್ಟೇ ನೋಡಿದ, ಟಾಂಕಿಯ ಹೊರಮೈ ಮುಟ್ಟಲಿಲ್ಲ. ನೀರು ಸುಣ್ಣದ ಗೆರೆಯಲ್ಲೇ ಇತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನೆಲ ಮಾತ್ರ ಒದ್ದೆ.

ಅವನ ತಲೆಯಲ್ಲಿ ಲೆಕ್ಕ ಕೂಡಿಬಂತು. ಚೀಲದಲ್ಲಿ ಹತ್ತಿ ಕಡಿಮೆಯಾಗಿಲ್ಲವೆಂದರೆ ನೆಲದ ಮೇಲೆ ಬಿದ್ದ ಹತ್ತಿ ಬೇರೆ ಚೀಲದ್ದು. ಟಾಂಕಿ ಸೋರಿಲ್ಲ. ಒಳಗೆ ಹೋದವಳು ಅವ್ವ ಒಬ್ಬಳೇ. ವಯಸ್ಸಾಗಿದೆ, ಕಣ್ಣು ಮಂದ, ಹಿಡಿದಿಟ್ಟುಕೊಳ್ಳುವುದು ಆಗುತ್ತಿಲ್ಲ. ನಾಚಿಕೆಗೆ ಟಾಂಕಿಯ ಮೇಲೆ ಹೇಳುತ್ತಾಳೆ. ಬೇಸಗೆಯಲ್ಲಿ ಏಕಿಲ್ಲ ಎಂಬುದಕ್ಕೂ ಅವನಲ್ಲಿ ಉತ್ತರವಿತ್ತು. ಬೇಸಗೆಯಲ್ಲಿ ಮೈಯ ನೀರು ಬೆವರಾಗಿ ಹೋಗುತ್ತದೆ, ಚಳಿಯಲ್ಲಿ ಮುದುಕರಿಗೆ ತಡೆಯಲಾಗುವುದಿಲ್ಲ. ಎಲ್ಲ ಸರಿಯಾಗಿ ಕೂತಿತು. ಇಷ್ಟು ಸರಿಯಾಗಿ ಕೂಡುವ ಸುಳ್ಳನ್ನು ದೇವರೇ ಬಂದರೂ ಬಿಡಿಸಲಾರ.

ಈಶಪ್ಪನಿಗೆ ಸಿಟ್ಟು ಬರಲಿಲ್ಲ, ಮರುಕ ಬಂತು. ಹೆಂಡತಿ ಕಳಕಮ್ಮನಿಗೆ ಹೇಳಿದ, "ಅವ್ವನ ಕೈಲಿ ಆಗವಲ್ದು. ನೀ ಏನೂ ಅನಬ್ಯಾಡ, ಸುಮ್ಮನ ಒರಸಿಬಿಡು." ಕಳಕಮ್ಮ ಕೆಟ್ಟವಳಲ್ಲ, ಆದರೆ ಅವಳ ಹೊಟ್ಟೆಯಲ್ಲಿ ಸಾಸಿವೆ ಕಾಳೂ ನಿಲ್ಲುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಗೆಳತಿಯೊಬ್ಬಳಿಗೆ, ಯಾರ ಮುಂದೆಯೂ ಹೇಳಬೇಡವೆಂದು ಹೇಳಿಯೇ ಹೇಳಿದಳು.

ಮಾಘದಲ್ಲಿ ಅಡತಿ ವ್ಯಾಪಾರಿ ಕರಿಬಸಪ್ಪನ ಮನೆಯಲ್ಲಿ ಮದುವೆ. ವಿರೂಪಾಕ್ಷಮ್ಮ ಸೋಬಾನಕ್ಕೆಂದು ಜಮಖಾನೆಯ ನಡುವೆ ಹೋಗಿ ಕೂಡಬೇಕೆನ್ನುವಾಗ ಕರಿಬಸಪ್ಪನ ಹೆಂಡತಿ ಓಡಿಬಂದಳು. ಅವಳ ಕೈಯಲ್ಲಿ ಮಡಿಸಿದ ಗೋಣಿತಟ್ಟು.

"ಅವ್ವಾರ, ತಡೀರಿ, ಇದನ್ನ ಹಾಸತೀನಿ. ನಿಮಗ ಥಂಡಿ ಹತ್ತಬಾರದ್ರಿ."

ಸುತ್ತಲಿನ ಹೆಂಗಸರು ಬೇರೆ ಕಡೆ ನೋಡಿದರು. ಹಿಂದೆ ಕೂತ ಯಾರೋ ಹುಡುಗಿ ಕಿಸಕ್ಕೆಂದಳು. ಜಮಖಾನೆ ಹೊಸದು, ಬಾಡಿಗೆಗೆ ತಂದದ್ದು. ವಿರೂಪಾಕ್ಷಮ್ಮನಿಗೆ ತಿಳಿಯದೆ ಇರುತ್ತದೆಯೇ? ಅವಳು ಆ ತಟ್ಟಿನ ಮೇಲೆ ಕೂತಳು. ಸೊಲ್ಲು ಎತ್ತಿರೆಂದು ಎಲ್ಲರೂ ಅಂದರು. ಗಂಟಲು ಕಟ್ಟಿದೆ ಎಂದಳು. ಊಟಕ್ಕೂ ನಿಲ್ಲದೆ ಮನೆಗೆ ಬಂದಳು.

ಸಂಜೆ ಈಶಪ್ಪನನ್ನು ಕೇಳಿದಳು, "ಈಶ್ಯಾ, ಊರಾಗ ಏನು ಹೇಳೀರಿ?"

"ಯಾರೇನು ಹೇಳ್ಯಾರವ್ವಾ? ಮತ್ತ ಇದರಾಗ ಮುಚ್ಚಿಡೂದೇನೈತಿ? ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೂದ."

"ನನಗ ಆಗಿಲ್ಲ."

"ಹೂಂ, ಆಗಿಲ್ಲ ಬಿಡು," ಎಂದ ಈಶಪ್ಪ, ಮಕ್ಕಳಿಗೆ ಹೇಳುವ ದನಿಯಲ್ಲಿ.

ಅದೇ ವಾರ ಅವನು ಹುಬ್ಬಳ್ಳಿಯ ರೈಲು ಹತ್ತಿದ. ಪಿಂಗಾಣಿ ಸಾಮಾನಿನ ದುಕಾನಿನಲ್ಲಿ ಬಗೆಬಗೆಯ ಪಾಯಖಾನೆಗಳು ಸಾಲಾಗಿ ಇದ್ದವು. ದುಕಾನದಾರ ಒಳ್ಳೆಯ ಮನುಷ್ಯ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ ಬರುತ್ತದೆ, ಗೋಡೆಯಿಂದ ಕೊಳವಿ ಎಷ್ಟು ದೂರ ಎಂದೆಲ್ಲ ವಿಚಾರಿಸಿದ. ಕುಕ್ಕರುಗಾಲಿನ ಕುಳಿಯದು ಸಾಕೇ, ಕುರ್ಚಿಯದು ಬೇಕೇ ಎಂದ. ಕುರ್ಚಿಯದಾದರೆ ಮೊಣಕಾಲು ನೋಯುವವರಿಗೆ ಅನುಕೂಲ, ಆದರೆ ರೂಢಿಯಿಲ್ಲದವರು ಮುಟ್ಟುವುದಿಲ್ಲ, ಮನೆಯಲ್ಲಿ ಕೇಳಿಕೊಂಡು ಬಂದಿದ್ದೀರಾ ಎಂದೂ ಕೇಳಿದ. ಈಶಪ್ಪ ಕೇಳಿರಲಿಲ್ಲ. ಎರಡು ಎತ್ತು ಕೊಳ್ಳುವಾಗ ಎತ್ತಿನ ಹಲ್ಲು ಹಿಡಿದು ನೋಡುವವನು, ತಾಯಿಯ ಸಲುವಾಗಿ ಕೊಳ್ಳುವಾಗ ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ.

"ನಮ್ಮವ್ವಗ ರೀ. ತಡಕೊಳ್ಳಾಕ ಆಗೂದಿಲ್ಲ ಆಕಿಗೆ. ಲಗೂನ ಕೂಡುವಂಥಾದ್ದು ಕೊಡ್ರಿ," ಎಂದು ನಾಲ್ಕು ಗಿರಾಕಿಗಳ ಮುಂದೆ ಹೇಳಿ, ಕುರ್ಚಿಯದನ್ನೇ ಆರಿಸಿದ. ಅದರ ಟಾಂಕಿಯೂ ಬಿಳಿ ಪಿಂಗಾಣಿಯದು, ದೊಡ್ಡದು, ಕುರ್ಚಿಯ ಬೆನ್ನಿಗೇ ಹತ್ತಿಕೊಂಡಿರುವಂಥದು.

ಹುಲ್ಲಿನಲ್ಲಿ ಸುತ್ತಿದ ಕುರ್ಚಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಬಂತು. ಹಿಂದೆ ಅರ್ಧ ಊರು. ಪಟ್ಟಕ್ಕೆ ಕೂಡುವವರು ಯಾರು ಎಂದು ಒಬ್ಬ ಕೇಳಿದ, ಈಶಪ್ಪನ ಅವ್ವ ಎಂದು ಇನ್ನೊಬ್ಬ ಹೇಳಿದ. ವಿರೂಪಾಕ್ಷಮ್ಮ ಅಡಿಗೆಮನೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಮಗ ಇಷ್ಟು ಮಾಡಿದ್ದಾನಲ್ಲ ಎಂದು, ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಳಸಿದಳು.

ಮರುದಿನ ಮುಂಜಾನೆ ನೀರು ಮೊದಲಿಗಿಂತ ಹೆಚ್ಚಿತ್ತು. ಟಾಂಕಿ ದೊಡ್ಡದು, ಕೆಳಗೆ ಬೇರೆ ಇತ್ತು. ನೀರು ನೇರ ಕುರ್ಚಿಯ ಕಾಲಿಗೇ ನಿಂತಿತ್ತು. ಈಶಪ್ಪ ಅದನ್ನು ನೋಡಿದ. ಅಷ್ಟು ದೂರ ಹೋಗಿ ತಂದದ್ದು, ಊರ ನಗೆಯನ್ನು ನುಂಗಿಕೊಂಡದ್ದು ಎಲ್ಲ ಒಮ್ಮೆಲೇ ನೆತ್ತಿಗೇರಿತು.

"ಕುರ್ಚಿ ತಂದು ಕೊಟ್ಟರೂ ಕೆಳಗ ಮಾಡತೀಯಲ್ಲವ್ವಾ," ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಲಿಗೆಪ್ಪ ಹಿತ್ತಲಲ್ಲಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದವನು ಕೈ ನಿಲ್ಲಿಸಿದ. ವಿರೂಪಾಕ್ಷಮ್ಮ ಪೂಜೆಯ ಮಣೆಯಿಂದ ಎದ್ದು ಬಂದು, ಹಳೆಯ ಅರಿವೆ ತೆಗೆದುಕೊಂಡು, ಮೊಣಕಾಲೂರಿ ನೆಲ ಒರೆಸಿದಳು. ಕಳಕಮ್ಮ ಬೇಡವೆಂದರೂ ಬಿಡಲಿಲ್ಲ. ಮಾರನೆಯ ದಿನ ಕುಕನೂರಿಗೆ ಹೋಗುವ ಚಕ್ಕಡಿ ಹತ್ತಿ ಮಗಳು ಶೇಖರಮ್ಮನ ಮನೆಗೆ ಹೋದಳು. ಅಲ್ಲಿ ಹಿತ್ತಲಿಗೆ ಹೊಂದಿಯೇ ಜೋಳದ ಸಪ್ಪೆಯ ಬಣವೆ, ಬೇಲಿ, ಹೊಲ, ಬಯಲಿಗೆ ದೂರ ಹೋಗಬೇಕಿರಲಿಲ್ಲ. ನಾಲ್ಕು ದಿನ ಇದ್ದು ಬರುತ್ತಾಳೆಂದು ಈಶಪ್ಪ ಅಂದುಕೊಂಡ. ಅವಳು ಬರಲಿಲ್ಲ. ಅಷ್ಟರಲ್ಲಿ ಚಳಿಯೂ ಮುರಿದು ನೆಲ ಒಣಗಿತು, ಅವನ ಲೆಕ್ಕ ಇನ್ನೂ ಗಟ್ಟಿಯಾಯಿತು.

ವರ್ಷ ತಿರುಗಿತು. ಮಾರ್ಗಶಿರದ ಒಂದು ಮುಂಜಾನೆ ಈಶಪ್ಪ ರೈಲಿಗೆ ಹೋಗಬೇಕಿತ್ತು. ಬೇಗ ಎದ್ದು, ಹಂಡೆಯ ಮರಳುವ ನೀರಿನಲ್ಲಿ ಮೈತೊಳೆದುಕೊಂಡ. ಬಚ್ಚಲೆಲ್ಲ ಹಬೆ, ದೀಪವೂ ಮಸುಕಾಗಿತ್ತು. ಮೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದರೆ ಪಾದಕ್ಕೆ ನೀರು ತಗುಲಿತು. ಕುರ್ಚಿಯ ಕಾಲ ಬಳಿ, ಅದೇ ಜಾಗ, ಅಷ್ಟೇ ನೀರು. ಆ ದಿನ ಅವನಿಗಿಂತ ಮೊದಲು ಅಲ್ಲಿಗೆ ಯಾರೂ ಬಂದಿರಲಿಲ್ಲ. ದೀಪ ಹತ್ತಿರ ಹಿಡಿದ. ಟಾಂಕಿಯ ಮೈತುಂಬ ಹನಿ. ಅಂಗೈಯಿಂದ ಒರೆಸಿದ. ನೋಡುನೋಡುತ್ತಿದ್ದಂತೆ ಮತ್ತೆ ಹನಿ ಮೂಡಿ, ಒಂದಕ್ಕೊಂದು ಕೂಡಿ, ಇಳಿದು ತೊಟ್ಟಿಕ್ಕಿತು. ಒದ್ದೆ ಪಂಚೆಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವ ಎರಡು ವರ್ಷದ ಹಿಂದೆಯೇ ಹೇಳಿದ್ದಳು, ಟಾಂಕಿ ಬೆವರುತ್ತದೆಂದು.

ರೈಲು ತಪ್ಪಿತು. ಆದರೂ ಸ್ಟೇಷನ್ನಿಗೆ ಹೋಗಿ ಪಾರ್ಸಲ್ ಗುಮಾಸ್ತ ವೆಂಕೋಬನನ್ನು ಕೇಳಿದ.

"ಹೊಸಪೇಟಿಂದ ಬರ್ಫದ ಡಬ್ಬಿ ಬರತಾವಲ್ಲ, ಅವುಗಳ ಹೊರಮೈ ಒದ್ದಿ ಇರತೈತಿ," ಎಂದ ವೆಂಕೋಬ. "ಅದೇನು ಒಳಗಿಂದ ಸೋರಿದ್ದಲ್ಲ. ಗಾಳಿಯೊಳಗಿನ ಹಬಿ ತಣ್ಣಗ ಇದ್ದದ್ದಕ್ಕ ತಾಕಿ ನೀರಾಗತೈತಿ. ಹಬಿ ಹೊರಗ ಹೋಗಾಕ ಹಾದಿ ಮಾಡ್ರಿ, ನೀರಿನ ಚಳಿ ಮುರೀರಿ, ನಿಲ್ಲತೈತಿ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಶಪ್ಪ ಅಂದೇ ಕಿಟಕಿಯ ಇಟ್ಟಿಗೆ ಒಡೆಸಿದ. ಇಣುಕುವವರಿಗೆ ಕಾಣದಂತೆ ಮೇಲುಗಡೆ ಓರೆ ಹಲಗೆ ಹೊಡೆಸಿದ. ಹಂಡೆಯನ್ನು ಹಿತ್ತಲ ಛಪ್ಪರದ ಕೆಳಗೆ ಹಾಕಿಸಿ, ಸ್ನಾನವನ್ನೂ ಅಲ್ಲಿಗೇ ಸಾಗಿಸಿದ. ಮುಂಜಾನೆ ಟಾಂಕಿಗೆ ಒಂದು ಕೊಡ ಉಗುರುಬೆಚ್ಚಗಿನ ನೀರು ಹಾಕಲು ಹುಲಿಗೆಪ್ಪನಿಗೆ ಹೇಳಿದ. ಅಷ್ಟೂ ಸಾಲದೆಂದು ಕುಷ್ಟಗಿಯ ಕಂಬಳಿ ತರಿಸಿ ಟಾಂಕಿಗೆ ಸುತ್ತಿದ. ಒಂದು ಹನಿಯೂ ಬೀಳದಂತಾಯಿತು. ಅವ್ವ ಬಂದಾಗ ಎಲ್ಲ ಒಣಗಿರಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಮೊದಲು ಅವ್ವನನ್ನು ಕರೆತಂದು, ಬೆವರುವ ಟಾಂಕಿಯ ಮುಂದೆ ನಿಲ್ಲಿಸಬೇಕಿತ್ತೆಂದು ಆ ಜಾಣನಿಗೆ ಹೊಳೆಯಲಿಲ್ಲ.

ಸಂಕ್ರಾಂತಿಗೆ ಕುಕನೂರಿಗೆ ಹೋದ. ವಿರೂಪಾಕ್ಷಮ್ಮ ಪಡಸಾಲೆಯ ಮೂಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರೆ ಅವಳೊಬ್ಬಳು ದೂರ, ಗೋಣಿತಟ್ಟಿನ ಮೇಲೆ. ಈಶಪ್ಪ ಅವಳ ಕಾಲು ಹಿಡಿದು ಎಲ್ಲವನ್ನೂ ಹೇಳಿದ. ಹೇಳುತ್ತ ಅತ್ತ. ಅವಳು ಅವನ ತಲೆ ಸವರಿ, "ಹೌದೇನಪ," ಎಂದಳು. ಯುಗಾದಿಗೆ ಬರುತ್ತೇನೆ ಎಂದಳು. ಹೊರಡುವಾಗ ಶೇಖರಮ್ಮ ಅಣ್ಣನನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡಳು.

"ಅಣ್ಣಾ, ಇಲ್ಲಿ ಅವ್ವ ಒಂದು ದಿನಾನೂ ಒದ್ದಿ ಮಾಡಿಲ್ಲ. ನಾನೂ ಆಕಿಗೆ ಹಂಗ ಹೇಳಿದೆ. 'ನಾ ನೀರು ಕುಡಿಯೂದು ಬಿಟ್ಟೀನಿ, ಅದಕ್ಕ ನಿಂತೈತಿ' ಅಂತಾಳ. ಎರಡು ಹೊತ್ತು ಎರಡು ಗುಟುಕು, ಅಷ್ಟ. ಮೈ ಒಣಗಿ ಕಟ್ಟಿಗಿ ಆಗೈತಿ."

ಈಶಪ್ಪನಿಗೆ ಆಗ ಪೂರ್ತಿ ತಿಳಿಯಿತು. ಅವ್ವ ಮೊದಲು ಅವನ ಮಾತನ್ನು ನಂಬಿರಲಿಲ್ಲ. ಆದರೆ ಮಗ ಸುಣ್ಣದ ಗೆರೆ ಎಳೆದು ಪ್ರಮಾಣಿಸಿ ನೋಡಿದ್ದ, ಸೊಸೆ ಸುಮ್ಮನೆ ಒರೆಸಿದ್ದಳು, ಊರು ತಟ್ಟು ಹಾಸಿತ್ತು. ಇಷ್ಟು ಜನ ಹೇಳಿದ ಮೇಲೆ ಕಣ್ಣು ಕಾಣದ ಮುದುಕಿ ತನ್ನ ಮೈಯನ್ನೇ ಅನುಮಾನಿಸಿದ್ದಳು.

ಯುಗಾದಿಗೆ ಅವಳು ಬಂದಳು. ಕೈಕಾಲು ತೊಳೆದವಳೇ ಬಚ್ಚಲಿಗೆ ಹೋದಳು. ಈಶಪ್ಪ ಕಂಬಳಿ ಬಿಚ್ಚಿ ತೋರಿಸಿದ. ಅವಳು ಬೆರಳುಗಳಿಂದ ಟಾಂಕಿಯನ್ನು ಮೇಲಿನಿಂದ ಕೆಳಗೆ ಸವರಿದಳು, ಬಗ್ಗಿ ನೆಲ ಮುಟ್ಟಿ ನೋಡಿದಳು.

"ಒಣಗೈತಲ್ಲಪ. ನಾ ಹೋದ ಮ್ಯಾಲ ಒಣಗೈತಿ."

"ಇಲ್ಲವ್ವಾ, ನೀ ಹೋದ ಮ್ಯಾಲೂ ಬೆವರತಿತ್ತು. ನಾ ನಿಲ್ಲಿಸೀನಿ. ತಡಿ, ತೋರಸತೀನಿ."

ಹುಲಿಗೆಪ್ಪನನ್ನು ಕೂಗಿ ಹಂಡೆಯನ್ನು ಒಳಗೆ ತರಿಸಿದ. ಕಿಟಕಿಗೆ ಹಲಗೆ ಬಡಿದು ಗೋಣಿ ತುರುಕಿದ. ಒಲೆಗೆ ಬೆಂಕಿ ಹಾಕಿಸಿದ. ಹೊರಗೆ ಚೈತ್ರದ ಬಿಸಿಲು ರಣರಣ ಉರಿಯುತ್ತಿತ್ತು. ಮಾಳಿಗೆಯ ಪೀಪಾಯಿಯ ನೀರು ಮುಟ್ಟಿದರೆ ಸುಡುವಷ್ಟು ಕಾದಿತ್ತು, ಅದೇ ನೀರು ಟಾಂಕಿಗೆ ಬಂದಿತ್ತು. ಹಂಡೆ ಮರಳಿತು, ಬಚ್ಚಲು ಹಬೆಯಿಂದ ತುಂಬಿತು. ಕಾದ ಟಾಂಕಿ ಒಣಗಿಯೇ ಉಳಿಯಿತು. ಈಶಪ್ಪ ಮತ್ತೆ ಮತ್ತೆ ಕೈಯಾಡಿಸಿದ, ಇನ್ನಷ್ಟು ಕಟ್ಟಿಗೆ ಹಾಕೆಂದು ಹುಲಿಗೆಪ್ಪನಿಗೆ ಕೂಗಿದ. ಅವನ ಹಣೆಯಿಂದ, ಎದೆಯಿಂದ ನೀರಿಳಿಯಿತು, ಅಂಗಿ ಮೈಗೆ ಅಂಟಿತು.

ವಿರೂಪಾಕ್ಷಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಕಡೆಗೆ ಒಳಗೆ ಬಂದು ಸೆರಗಿನಿಂದ ಮಗನ ಮುಖ ಒರೆಸಿದಳು.

"ಬೆವತಾಂವ ನೀನಪ. ಟಾಂಕಿ ಬೆವರಲಿಲ್ಲ. ಬಾ ಹೊರಗ."

"ಅವ್ವಾ, ನಿನ್ನಾಣಿ ಖರೇ ಹೇಳಾಕತ್ತೀನಿ."

"ಗೊತ್ತೈತಿ. ಹೆತ್ತಾಕಿ ಮಾನ ಉಳಸಾಕ ಇಷ್ಟೆಲ್ಲಾ ಮಾಡೀದಿ. ಛಲೋ ಮಗ ನೀನು. ನನಗ ನಿನ್ನ ಮ್ಯಾಲ ಸಿಟ್ಟಿಲ್ಲ."

ಬೈದಿದ್ದರೆ ಚೆನ್ನಾಗಿತ್ತು ಎಂದು ಈಶಪ್ಪ ಮುಂದೆ ಎಷ್ಟೋ ಸಲ ಅಂದುಕೊಂಡ. ಚಳಿಗಾಲದವರೆಗೆ ಇರು, ಕಣ್ಣಾರೆ ತೋರಿಸುತ್ತೇನೆ ಎಂದು ಬೇಡಿಕೊಂಡ. ದೀಪಾವಳಿಗೆ ಬರುತ್ತೇನೆಂದು ಹೇಳಿ ಅವಳು ಕುಕನೂರಿಗೆ ಹೋದಳು. ಶ್ರಾವಣದಲ್ಲಿ ಜ್ವರ ಬಂತು. ನೀರು ಕುಡಿಸಿರೆಂದು ವೈದ್ಯರು ಹೇಳಿದರು. ಅವಳು ತುಟಿ ಬಿಚ್ಚಲಿಲ್ಲ, ಹಾಸಿಗೆ ಕೆಡುತ್ತದೆಂದು ಸನ್ನೆ ಮಾಡಿದಳು. ಈಶಪ್ಪ ಹೋಗಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಮಾರ್ಗಶಿರದಲ್ಲಿ ಅವನು ಯಾರಿಗೂ ಹೇಳದೆ ಹಂಡೆಯನ್ನು ಮತ್ತೆ ಒಳಗೆ ಇಟ್ಟ, ಕಿಟಕಿ ಮುಚ್ಚಿದ. ಕಂಬಳಿ ಬಿಚ್ಚಿದ. ನೀರು ಮರಳಿದಂತೆ ಟಾಂಕಿಯ ಮೇಲೆ ಹನಿ ಮೂಡಿ ಕುರ್ಚಿಯ ಕಾಲಿಗೆ ಇಳಿಯತೊಡಗಿತು. ಹೊಗೆ ಕಂಡು ಬಂದ ಕಳಕಮ್ಮ ಬಾಗಿಲಲ್ಲಿ ನಿಂತಳು. ಒಳಗೆ ಬಂದು ಮುಟ್ಟಿ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಅಳತೊಡಗಿದಳು. ಇಷ್ಟು ದಿನ ಅವಳೂ ಗಂಡನ ಮಾತನ್ನು ನಂಬಿರಲಿಲ್ಲ. ತಾಯಿಯ ಮಾನಕ್ಕೆ ಕಟ್ಟಿದ ಕತೆಯೆಂದೇ ತಿಳಿದಿದ್ದಳು.

"ನಿಮ್ಮವ್ವ ಖರೇ ಹೇಳಿದ್ದರ್ರೀ," ಎಂದಳು.

ಈಶಪ್ಪ ತಲೆ ಎತ್ತಲಿಲ್ಲ. ಈ ಮಾತನ್ನು ಅವ್ವ ಒಮ್ಮೆ ಕೇಳಿಸಿಕೊಂಡು ಸಾಯಬೇಕಿತ್ತು.